ಹೆಣ್ಣಿನ ಬಟ್ಟೆ ದಾಟದ ಗಂಡಸರು

ಪ್ರವಾಸಿ ಹಡಗಿನ ಮಂದಿ ದಡಕ್ಕಿಳಿದರೆ ಮೊದಲು ಅವರನ್ನು ಹೆದರಿಸುವುದು ನಮ್ಮ ದ್ವೀಪದ ಮರ್ಯಾದೆ. ಮೈಗೆಲ್ಲ ಕೆಸರು ಬಳಿದುಕೊಂಡ ಗಂಡಸರು ಪೊದೆಯಿಂದ ಕೂಗುತ್ತ ನುಗ್ಗಿ, ಅತಿಥಿಯ ಎದೆಯ ಹತ್ತಿರ ಈಟಿ ತಂದು ನಿಲ್ಲಿಸಬೇಕು. ಅತಿಥಿ ಕಿರುಚಬೇಕು, ನಗಬೇಕು, ಚಪ್ಪಾಳೆ ತಟ್ಟಬೇಕು. ಆಮೇಲೆ ಎಳನೀರು. ಮಕೀರಾ ದ್ವೀಪದ ಈ ತುದಿಯಲ್ಲಿ ಇದು ಮಾಮೂಲಿ.

ಕಮಾಯೆ ಹೆಂಗಸರ ಸಾಲಿನಲ್ಲಿ ಕೂತು ಅಡಿಕೆ ಜಗಿಯುತ್ತಿದ್ದಳು. ನಾದಿನಿ ಅವಳನ್ನು ತಿವಿದಳು. "ಅತ್ತಿಗೇ, ಆ ಡೊಳ್ಳುಹೊಟ್ಟೆಯಪ್ಪನ್ನ ನೋಡು. ನಿನ್ನ ಮಗ ಈಟಿ ಎತ್ತೋಕ್ಮುಂಚೆನೇ ಚಡ್ಡಿ ಒದ್ದೆ ಮಾಡ್ಕೋತಾನೆ."

ಕಮಾಯೆಗೆ ನಗು ಬಂತು. ಆದರೆ ದೋಣಿ ಹಿಡಿದು ನಿಂತಿದ್ದವನ ಮುಖ ಕಂಡದ್ದೇ ಬಾಯಲ್ಲಿದ್ದ ಅಡಿಕೆ ಉಗಿದು ಎದ್ದು ನಿಂತಳು. ತಾರಾಮಾ! ಮೀನು ಹಿಡಿಯುವ ಜಾಗಕ್ಕೆ ಜಗಳವಾಡಿ ಅವಳ ಹಿರಿಮಗನ ತಲೆ ಒಡೆದವನು. ಜೈಲು ಮುಗಿಸಿ ಹಡಗಿನ ಕೆಲಸ ಹಿಡಿದಿದ್ದಾನೆಂಬ ಸುದ್ದಿಯೇನೋ ಇತ್ತು. ಇಲ್ಲಿಗೇ ಕಾಲಿಡುವಷ್ಟು ಭಂಡನೆಂದು ಯಾರೂ ಎಣಿಸಿರಲಿಲ್ಲ.

ಉಳಿದ ಒಬ್ಬನೇ ಮಗ ವಾರೋಹಾ ಕೆಸರುಮೈಯವರ ಮುಂದಾಳು. ಅವನೂ ನೋಡಿದ. ಅತಿಥಿಗಳನ್ನು ಬಿಟ್ಟು ನೇರ ದೋಣಿಯತ್ತ ನುಗ್ಗಿದ. ಈಟಿ ತಾರಾಮಾನ ತೋಳು ಸೀಳಿತು, ರಕ್ತ ಚಿಮ್ಮಿತು. ಇದೂ ಆಟವೇ ಎಂದುಕೊಂಡು ಹಡಗಿನವರು ಓಹೋ ಎನ್ನುತ್ತ ಕ್ಯಾಮೆರಾ ಎತ್ತಿದರು. ಅವರ ಬುದ್ಧಿ ಅಷ್ಟೇ!

ತಾರಾಮಾ ಎಳನೀರು ಕೊಚ್ಚುವ ಮಚ್ಚು ಎಳೆದುಕೊಂಡ. "ಬಾರೋ! ನಿಮ್ಮಣ್ಣನ ಪಕ್ಕಾನೇ ಮಲಗಿಸ್ತೀನಿ!"

"ಮಲಗ್ಸು ಬಾರೋ, ಹೇಡಿ!"

ಕಮಾಯೆ ಓಡಿಹೋಗಿ, ಸೊಂಟದ ಬಟ್ಟೆ ಬಿಚ್ಚಿ ಇಬ್ಬರ ನಡುವೆ ಮರಳಿಗೆ ಎಸೆದಳು. ಮಕ್ಕಳನ್ನು ಹೆತ್ತ ಯಾವ ಹೆಣ್ಣು ಹೀಗೆ ಬಟ್ಟೆ ಎಸೆದರೂ ಅದನ್ನು ನಮ್ಮ ಗಂಡಸರು ದಾಟುವುದಿಲ್ಲ. ದಾಟಿದವನಿಗೆ ಸತ್ತ ಹಿರಿಯರೂ ಬೆನ್ನು ತಿರುಗಿಸುತ್ತಾರೆ. ಇಬ್ಬರೂ ನಿಂತಲ್ಲೇ ನಿಂತರು.

"ಅವ್ವಾ, ಬಟ್ಟೆ ತೆಗಿ."

"ತೆಗಿಯಲ್ಲ. ಒಬ್ಬನ್ನ ಮಣ್ಣು ಮಾಡಿದೀನಿ, ಇನ್ನೊಬ್ಬನ್ನ ಮಾಡೋಕೆ ನನ್ನ ಕೈಲಾಗಲ್ಲ. ಈಟಿ ಹಾಕು ಕೆಳಗೆ."

"ಅವನ ಕೈಲಿ ಮಚ್ಚಿದೆ!"

"ಬಟ್ಟೆ ಇರೋವರ್ಗೂ ಅವನೂ ಬರಲ್ಲ. ಹಾಕು, ನನ್ನಪ್ಪಾ."

ವಾರೋಹಾ ಹಲ್ಲು ಕಚ್ಚಿ ಈಟಿಯನ್ನು ದೂರ ಎಸೆದ. ಕಮಾಯೆ ಆ ಕೆಸರು ಮೈಯನ್ನು ಬಾಚಿ ತಬ್ಬಿಕೊಂಡಳು. ಉಳಿಯಿತು ನನ್ನ ಕೂಸು ಎಂದುಕೊಂಡಳು.

ಹಡಗಿನ ಮುದುಕಿಯೊಬ್ಬಳಿಗೆ ಪಾಪ ಅನ್ನಿಸಿತು. ಬಟ್ಟೆ ಜಾರಿ ಬಿದ್ದು ಬಡಪಾಯಿಯ ಮಾನ ಹೋಗುತ್ತಿದೆಯೆಂದು ತಿಳಿದು, ಬಂದು, ಬಗ್ಗಿ, ಬಟ್ಟೆ ಎತ್ತಿದಳು. ಮರಳು ಕೊಡವಿದಳು. ನಗುನಗುತ್ತ ಕಮಾಯೆಯ ಹೆಗಲಿಗೆ ಹೊದಿಸಿದಳು.

ಹೆಂಗಸರ ಸಾಲು ಒಟ್ಟಿಗೇ ಚೀರಿತು. ನಡುವೆ ಈಗ ಬರೀ ಮರಳು. ವಾರೋಹಾ ಇನ್ನೇನು ಈಟಿಗೆ ಹಾರುತ್ತಾನೆಂದು ಹೆದರಿದ ತಾರಾಮಾ ತಾನೇ ಮೊದಲು ನುಗ್ಗಿದ. ತಾಯಿಯ ಭುಜದ ಮೇಲಿಂದಲೇ ಮಚ್ಚು ಮಗನ ಕುತ್ತಿಗೆಗೆ ಬಿತ್ತು. ಮತ್ತೊಮ್ಮೆ ಬಿತ್ತು.

ಗಂಡಸರು ತಾರಾಮಾನ ಮೇಲೆ ಮುಗಿಬಿದ್ದು ದೊಣ್ಣೆಯಲ್ಲಿ ಜಜ್ಜಿದರು. ಕಮಾಯೆ ಆ ಕಡೆ ತಿರುಗಿಯೂ ನೋಡಲಿಲ್ಲ. ಹಡಗಿನವರಲ್ಲಿ ಹಿಂದೆ ನಿಂತಿದ್ದ ಕೆಲವರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವಳು ಮರಳಲ್ಲಿ ತೆವಳಿ ಈಟಿ ತಂದು ಮಗನ ಅಂಗೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದಳು.

"ಹಿಡ್ಕೋ ಕೂಸೇ, ಹಿಡ್ಕೋ. ಅವ್ವ ತಪ್ಪು ಹೇಳ್ಬಿಟ್ಳು. ಹಿಡ್ಕೋ."