ಕಾಗದ ಬಿಡಿಸುವ ಹೊತ್ತು

ಅವಳು ಹೊಲಿಗೆ ಯಂತ್ರದ ಚಕ್ರಕ್ಕೆ ಕೈಕೊಟ್ಟು ಒಂದು ಸಲ ತುಳಿದದ್ದೇ ತಡ, ನಡುಮನೆಯ ಪಿಸುಮಾತೆಲ್ಲ ನಿಂತುಹೋಯಿತು. ಸಾವಿನ ಮನೆಯೆಂದ ಮೇಲೆ ಅಳು ಕೇಳಿಸುತ್ತದೆ, ಮೂಗು ಸೀಟುವುದು ಕೇಳಿಸುತ್ತದೆ, ಯಾರೋ ಕುರ್ಚಿ ಎಳೆದದ್ದೂ ಕೇಳಿಸುತ್ತದೆ. ಟಕಟಕನೆ ಹೊಲಿಗೆಯ ಸದ್ದು ಬಂದರೆ ಜನ ಏನೆಂದುಕೊಳ್ಳಬೇಕು?

ಬಾಗಿಲು ತಳ್ಳಿಕೊಂಡು ಅಣ್ಣ ಒಳಗೆ ಬಂದ. ಕೈಯಲ್ಲಿ ಹೊಸ ಬಿಳಿ ಬಟ್ಟೆಯ ಪೊಟ್ಟಣ. ಅಂಗಡಿಯವರು ಅಂಟಿಸಿದ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

"ಏನೇ ಮಾಡ್ತಿದೀಯ? ತಲೆ ನೆಟ್ಟಗಿದೆಯಾ ನಿನಗೆ?"

"ಬಾಗಿಲು ಹಾಕಣ್ಣ. ಸದ್ದು ಆಚೆ ಹೋಗತ್ತೆ."

"ಆಗಲೇ ಹೋಗಿಯಾಯ್ತು. ನಮ್ಮ ಆಫೀಸಿನವರೆಲ್ಲ ಕೂತಿದಾರೆ. ಒಳಗೆ ಯಾರೋ ಹೊಲೀತಿದಾರಾ ಅಂತ ಮ್ಯಾನೇಜರ್ ಕೇಳಿದ್ರು. ಏನು ಹೇಳ್ಲಿ ನಾನು?"

"ಹೌದು, ಹೊಲೀತಿದಾಳೆ ಅನ್ನು."

ಮಂಚದ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ ಸೆರಗನ್ನು ಕೆಳಗಿಳಿಸಿದಳು. ಸತ್ತವಳು ಅವಳ ಬೆನ್ನಿಗೆ ಬಿದ್ದ ತಂಗಿ. ಬೆಳಗಿನಿಂದ ಅತ್ತು ಅತ್ತು ದನಿ ಬಿದ್ದುಹೋಗಿದ್ದರೂ ಈ ಜಗಳ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ.

"ಕೌದಿ ಮುಗಿಸ್ತಾಳಂತೆ ಕಣೋ," ಎಂದಳು. "ಅಮ್ಮನಿಗೆ ಹೊದಿಸೋಕೆ."

ಮಂಚದ ತುಂಬ ಹರಡಿದ್ದ ಕೌದಿಯನ್ನು ಅಣ್ಣ ಆಗ ನೋಡಿದ. ಚೌಕಕ್ಕೊಂದು ಪ್ರಾಣಿ: ಬೂದುಬಣ್ಣದ ಆನೆ, ಪಟ್ಟೆಪಟ್ಟೆ ಬೆಕ್ಕು, ಪಾಚಿಬಣ್ಣದ ಕಪ್ಪೆ, ಹೂವಿನ ಬಟ್ಟೆಯ ಹಂದಿ, ಸಾಲಾಗಿ ಮೂರು ಬಾತುಕೋಳಿ. ಎಲ್ಲವೂ ಒಂದೇ ಕಡೆಗೆ ಮುಖಮಾಡಿ ಎಲ್ಲಿಗೋ ಹೊರಟಿದ್ದವು. ಕೊನೆಯ ಸಾಲಿನಲ್ಲಿ ಒಂದು ಚೌಕ ಮಾತ್ರ ಖಾಲಿ.

"ಇದನ್ನಾ?" ಅವನ ದನಿ ಇಳಿಯಿತು. "ಏನು, ತೊಟ್ಟಿಲಾ ಅದು? ಮೈಮೇಲೆ ಕಪ್ಪೆ, ಹಂದಿ ಹೊದಿಸಿ ಕಳಿಸೋದಾ? ಬೀದಿ ತುದಿವರೆಗೂ ಹೊತ್ಕೊಂಡು ಹೋಗಬೇಕು, ಈ ಗಲ್ಲಿಯೊಳಗೆ ಗಾಡಿ ಬರಲ್ಲ. ಜನ ನಗ್ತಾರೆ ಕಣೇ! ನಾನೇ ಹೋಗಿ ಒಳ್ಳೆ ಬಟ್ಟೆ ತಂದಿದೀನಿ, ನೋಡು."

"ಬಿಳೀದು."

"ಮತ್ತಿನ್ನೇನು ಕೆಂಪು ತರಬೇಕಿತ್ತಾ?"

ಅವಳು ಯಂತ್ರ ಬಿಟ್ಟು ತಿರುಗಿದಳು. "ಒಂದು ಮಾತಿಗೆ ಬಾರಣ್ಣ. ಗಾಡಿ ಬರೋದರೊಳಗೆ ಮುಗಿಸಿದರೆ ಇದು. ಮುಗೀದಿದ್ರೆ ನೀನು ತಂದದ್ದು. ನಾನು ತುಟಿ ಪಿಟಕ್ಕೆನ್ನಲ್ಲ."

ಅಣ್ಣ ಖಾಲಿ ಚೌಕವನ್ನು ನೋಡಿದ, ತಂಗಿಯ ಕೈ ನೋಡಿದ. ಅವಳು ಬಸ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಹರಿದುಕೊಡುವವಳು. ಗುಂಡಿ ಬಿದ್ದರೂ ಅಮ್ಮನ ಮುಂದೆ ಅಂಗಿ ಹಿಡಿದು ನಿಲ್ಲುತ್ತಿದ್ದವಳು.

"ಆಗಲಿ," ಎಂದ.

"ಇನ್ನೊಂದು ಕೇಳಬೇಕಿತ್ತು. ಯಂತ್ರದ ಮೇಲೆ ಒಂದು ಕಾಗದ ಇತ್ತಲ್ಲ? ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಕಿ ಹಾಕಿದ್ದು? ಜಿಂಕೆಯ ತಲೆ ಅದು. ಅಮ್ಮ ಮೈ ಮುಗಿಸಿದಾಳೆ, ತಲೆ ಬಾಕಿ."

ಅಣ್ಣನ ಮುಖ ಸಪ್ಪಗಾಯಿತು. "ಬೆಳಿಗ್ಗೆ ಜನ ಬರ್ತಾರೆ ಅಂತ ಗುಡಿಸಿದೆ. ಚೂರುಪಾರು ಕಾಗದ ಎಲ್ಲ... ಕಸದ ಗಾಡಿ ಹೋಯ್ತಲ್ಲೇ."

"ಹುಟ್ಟಿದಾಗಿನಿಂದ ಕಸಬರಿಗೆ ಮುಟ್ಟಿದವನಲ್ಲ," ಎಂದಳು ದೊಡ್ಡಮ್ಮ. "ಇವತ್ತೇ ಬೇಕಿತ್ತಾ ನಿನಗೆ?"

*

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗುಡುಗುಡು ತಿರುಗುವ ಯಂತ್ರಗಳು, ಆವಿ, ಸೋಪಿನ ಘಾಟು. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರರ ಕೋಟು, ಎಲ್ಲವೂ ಬಿಳಿ. ಕಲೆ ಹೋಗಬೇಕು, ಮೂಲೆಗೆ ಮೂಲೆ ಕೂಡಬೇಕು, ಅಷ್ಟೇ ಅವಳ ಪ್ರಪಂಚ. ನಿವೃತ್ತಿಯಾಗಿ ಮನೆಗೆ ಬಂದ ದಿನ ಚಪ್ಪಲಿ ಬಿಡುತ್ತಲೇ, "ಬಿಳಿ ನೋಡಿ ನೋಡಿ ಕಣ್ಣು ಸವೆದಿದೆ. ಇನ್ನು ಈ ಮನೆಗೆ ಬಿಳಿ ಚಾದರ ತಂದರೆ ನಾನಿರಲ್ಲ," ಎಂದು ಘೋಷಿಸಿದ್ದಳು.

ಮೇಲಿನ ಮನೆಯ ಟೈಲರಕ್ಕ ಚೂರುಬಟ್ಟೆಯ ಚೀಲ ತಂದುಕೊಟ್ಟದ್ದು ಆಗಲೇ. ಕಾಗದದ ಮೇಲೆ ಬಟ್ಟೆ ಹೊಲಿದು ಪ್ರಾಣಿ ಮಾಡುವುದನ್ನು ಮೊಬೈಲಿನಲ್ಲಿ ತೋರಿಸಿದ್ದೂ ಅವಳೇ. ತೆಳು ಕಾಗದದ ಮೇಲೆ ಪ್ರಾಣಿಯನ್ನು ನೇರ ಗೆರೆಗಳಲ್ಲಿ ಬರೆದು, ಗೆರೆಗಳ ನಡುವಿನ ತುಂಡುಗಳಿಗೆ ಒಂದು ಎರಡು ಎಂದು ಅಂಕಿ ಹಾಕಬೇಕು. ಬಟ್ಟೆಯನ್ನು ಕಾಗದದ ಹಿಂಬದಿಗೆ ಇಟ್ಟು, ಮುಂಬದಿಯ ಗೆರೆಯ ಮೇಲೆ ಹೊಲಿಗೆ ಓಡಿಸಬೇಕು. ಹೊಲಿದ ಬಟ್ಟೆಯನ್ನು ಮಗುಚಿ, ಉಗುರಿನಿಂದ ಗೀರಿ ಕೂರಿಸಿ ಮುಂದಿನ ಅಂಕಿಗೆ ಹೋಗಬೇಕು. ಕೊನೆಗೆ ಕಾಗದ ತಿರುಗಿಸಿದರೆ ಹಿಂಬದಿಯಲ್ಲಿ ಪ್ರಾಣಿ ನಿಂತಿರುತ್ತದೆ.

ಅಮ್ಮನ ಮೊದಲ ಕೋಳಿ ನಿಂತಿತು, ಆದರೆ ತಿರುಗಿ ನಿಂತಿತು.

"ನಾನು ಬಲಕ್ಕೆ ನೋಡು ಅಂತ ಬರೆದೆ, ಇದು ಎಡಕ್ಕೆ ನೋಡ್ತಿದೆ," ಎಂದು ಅಮ್ಮ ಮಗಳ ಮುಖಕ್ಕೆ ಹಿಡಿದಿದ್ದಳು. "ನಿಮ್ಮಪ್ಪನ ಹಾಗೇ. ಹೇಳಿದ್ದೊಂದು, ಮಾಡಿದ್ದೊಂದು."

ಹಿಂಬದಿಯಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗುತ್ತದೆ ಎಂದು ತಿಳಿದ ಮೇಲೆ ಬೇಕೆಂದೇ ಉಲ್ಟಾ ಬರೆಯತೊಡಗಿದಳು. ಮಗಳಿಗೆ ಮಾತ್ರ ಸೂಜಿ ಕೊಡಲಿಲ್ಲ. ಚೌಕಗಳೆಲ್ಲ ಒಂದಕ್ಕೊಂದು ಕೂಡಿದ ಮೇಲೆ ಹಿಂದಿನ ಕಾಗದ ಕೀಳುವುದಷ್ಟೇ ಅವಳ ಪಾಲು. "ಟಿಕೆಟ್ ಹರಿದು ಹರಿದು ಪಳಗಿದ ಕೈ. ನಿನಗೆ ಇದೇ ಸರಿ," ಎನ್ನುತ್ತಿದ್ದಳು.

ಮುಗಿದ ಕೌದಿಗಳೆಲ್ಲ ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದವು. ಮನೆಯಲ್ಲಿ ಒಂದೂ ಉಳಿಯಲಿಲ್ಲ. ಹೊಸದು ಮುಗಿದಾಗ ಮಂಚದ ಮೇಲೆ ಹರಡಿ, ಸೊಂಟಕ್ಕೆ ಕೈಯಿಟ್ಟು ಮಗಳನ್ನು ಕರೆಯುತ್ತಿದ್ದಳು.

"ಚೆನ್ನಾಗಿದೆ ಅಮ್ಮ."

"ಹೇಗಿದೆ ಅಂತ ನಾನು ಕೇಳಿದೆನಾ? ನೋಡು ಅಂತ ಕರೆದೆ. ನೋಡು, ಸಾಕು."

*

ಅವಳು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದುಕೊಂಡು, ಅಮ್ಮ ಮುಗಿಸಿದ್ದ ಜಿಂಕೆಯ ಮೈಯನ್ನು ಅದರ ಕೆಳಗೆ ಇಟ್ಟುಕೊಂಡಳು. ಕಾಲು ಮಡಿಚಿ ಕೂತ ಜಿಂಕೆ. ಕತ್ತು ಚೌಕದ ನಟ್ಟನಡುವೆ ಮೇಲೇಳುತ್ತಿತ್ತು. ಅಲ್ಲಿಂದಲೇ ಗೆರೆ ಎಳೆದಳು. ಮೂತಿ, ಹಣೆ, ಎರಡು ಕಿವಿ. ಅಳಿಸಿ ಮತ್ತೆ ಎಳೆದಳು. ಮೊದಲ ಕಿವಿ ಕತ್ತೆಯದಾಯಿತು, ಎರಡನೆಯ ಸಲ ಜಿಂಕೆಯದೇ ಆಯಿತು.

ಒಂದು, ಎರಡು, ಮೂರು. ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬೆಳಕಿನಲ್ಲಿ ಬಟ್ಟೆ ಗೆರೆಯಾಚೆ ಚಾಚಿದೆಯೇ ಎಂದು ನೋಡಿಕೊಂಡಳು. ಅಮ್ಮ ದಿನಾ ಹೀಗೆಯೇ ಕಿಟಕಿಗೆ ಹೋಗಿ ಬರುತ್ತಿದ್ದಳು. ನಾಲ್ಕನೆಯ ತುಂಡು ಮಗುಚಿದಾಗ ಗೆರೆಗೆ ಮುಟ್ಟಲಿಲ್ಲ. ಹೊಲಿಗೆ ಬಿಚ್ಚಿದಳು. ಹೊರಗೆ ಯಾರೋ ಗಾಡಿ ಎಲ್ಲಿಗೆ ಬಂತೆಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಬಿಚ್ಚಿದ್ದನ್ನು ಮತ್ತೆ ಹೊಲಿದಳು. ಐದು, ಆರು. ಕಿವಿಗಳೂ ಕೂತವು.

ಟೈಲರಕ್ಕ ಒಳಗೆ ಬಂದಾಗ ಅವಳು ತಲೆಯನ್ನು ಮೈಗೆ ಕೂಡಿಸಿ, ಇಡೀ ಚೌಕವನ್ನು ಕೌದಿಯ ಖಾಲಿ ಜಾಗಕ್ಕೆ ಹೊಲಿದು ಆಗಷ್ಟೇ ದಾರ ಕತ್ತರಿಸುತ್ತಿದ್ದಳು. "ನೀನಾ ಹೊಲಿದದ್ದು?" ಎಂದು ಟೈಲರಕ್ಕ ಕನ್ನಡಕ ಸರಿಮಾಡಿಕೊಂಡಳು. ಇಬ್ಬರೂ ಹಿಡಿದು ಕೌದಿಯನ್ನು ಮಗುಚಿದರು.

ಆನೆ, ಬೆಕ್ಕು, ಕಪ್ಪೆ, ಹಂದಿ, ಬಾತು ಎಲ್ಲವೂ ಬಲಕ್ಕೆ ಹೊರಟಿದ್ದವು. ಜಿಂಕೆಯ ಮೈಯೂ ಬಲಕ್ಕಿತ್ತು. ತಲೆ ಮಾತ್ರ ಎಡಕ್ಕೆ ತಿರುಗಿತ್ತು.

ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಉಲ್ಟಾ ಬರೆಯಬೇಕಿತ್ತು. ವರ್ಷಗಟ್ಟಲೆ ಯಾವ ಕೋಳಿಯನ್ನು ನೆನೆಸಿಕೊಂಡು ನಕ್ಕಿದ್ದಳೋ, ಅದೇ ಕೋಳಿಯ ತಪ್ಪು.

"ಅಯ್ಯೋ," ಎಂದು ಮಂಚದಂಚಿಗೆ ಕುಸಿದಳು. "ಕೆಡಿಸಿಬಿಟ್ಟೆ. ಅಮ್ಮನ ಕೆಲಸದಲ್ಲಿ ಒಂದು ಸುಕ್ಕಿರಲಿಲ್ಲ. ಬಿಚ್ಚೋಕೆ ಹೊತ್ತೂ ಇಲ್ಲ."

ಟೈಲರಕ್ಕ ತಲೆ ಕೂಡಿಸಿದ ಹೊಲಿಗೆಯನ್ನು ಹೆಬ್ಬೆರಳಿನಿಂದ ತೀಡಿ ನೋಡಿದಳು. "ಕತ್ತು ನಡುಮಧ್ಯ ಇದ್ದದ್ದಕ್ಕೆ ಬಚಾವಾದೆ. ಎಳೆ ಜರುಗಿಲ್ಲ. ನಾನು ಹೊಲಿದಿದ್ರೂ ಇಷ್ಟು ನೇರ ಬರ್ತಿರಲಿಲ್ಲ."

ದೊಡ್ಡಮ್ಮ ಮುಂದಕ್ಕೆ ಬಾಗಿ ಜಿಂಕೆಯನ್ನೇ ದಿಟ್ಟಿಸಿದಳು. "ಹಿಂದೆ ತಿರುಗಿ ನೋಡ್ತಿದೆ, ಅಷ್ಟೇ ತಾನೆ? ನೋಡಲಿ ಬಿಡು. ಇಷ್ಟು ವರ್ಷ ಇದ್ದ ಮನೆ. ಒಂದಾದರೂ ತಿರುಗಿ ನೋಡಬೇಡವಾ?"

*

"ಇದು ಯಾವ ವಾರ್ಡಿಗೆ?" ಎಂದು ಅವಳು ಹೋದ ವಾರ ಕೇಳಿದ್ದಳು. ಈ ಕೌದಿ ಹಿಂದಿನವಕ್ಕಿಂತ ಉದ್ದವಿತ್ತು.

"ಯಾವ ವಾರ್ಡಿಗೂ ಇಲ್ಲ. ನನಗೆ."

"ಕಪ್ಪೆ ಹೊದ್ದುಕೊಂಡು ಮಲಗ್ತೀಯಾ?"

"ಯಾಕೆ, ಮಲಗಬಾರದಾ?" ಅಮ್ಮ ಹಲ್ಲಿನಿಂದ ದಾರ ಕಡಿದಳು. "ಊರ ಮಕ್ಕಳೆಲ್ಲ ಹೊದ್ದಾಯ್ತು. ಇಷ್ಟು ಚೆನ್ನಾಗಿ ಮಾಡ್ತೀನಿ, ನನಗೂ ಒಂದು ಬೇಡವೇನೇ?"

*

ಗಾಡಿ ಬಂತೆಂದು ಹೇಳಲು ಅಣ್ಣ ಬಂದಾಗ ಮೂವರೂ ಹೆಂಗಸರು ಕೌದಿಯ ಸುತ್ತ ಕೂತು ಕಾಗದ ಕೀಳುತ್ತಿದ್ದರು. ಪರ್‍ ಪರ್‍ ಎಂದು ಸದ್ದು. ನೆಲದ ತುಂಬ, ಮಡಿಲ ತುಂಬ, ಅಂಕಿ ಬರೆದ ಚೂರುಗಳು.

"ಬೀದಿ ತುದಿಯಲ್ಲಿ ಗಾಡಿ ನಿಂತಿದೆ," ಎಂದ. "ಮುಗೀಲಿಲ್ಲ, ಅಲ್ವಾ?"

"ಹೊಲಿಗೆ ಮುಗೀತು. ಕಾಗದ ಬಾಕಿ."

"ಅಂದ್ರೆ ಮುಗೀಲಿಲ್ಲ." ಮಾತಿನಲ್ಲಿ ಗೆದ್ದ ಸಂಭ್ರಮವಿರಲಿಲ್ಲ. ಕಸದ ಗಾಡಿ ಅವನ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

ಅವಳು ತಲೆಯೆತ್ತಲಿಲ್ಲ. ಮಾತು ಕೊಟ್ಟಿದ್ದಳು. ಬೆರಳುಗಳು ಮಾತ್ರ ನಿಲ್ಲಲಿಲ್ಲ.

"ಯಾಕೋ, ಜನ ನಗ್ತಾರೆ ಅಂತ ಇನ್ನೂ ಅದೇ ಭಯವಾ?" ಎಂದಳು ದೊಡ್ಡಮ್ಮ. "ನಿಮ್ಮಮ್ಮ ಇದನ್ನೆಲ್ಲ ಯಾಕೆ ಮಾಡ್ತಿದ್ದಳು ಅಂತ ಒಂದು ದಿನ ಕೇಳಿದೀಯಾ? ನಾನು ಕೇಳಿದೀನಿ. ಸೂಜಿಗೆ ಹೆದರಿ ಕಿರುಚ್ತಾ ಇರೋ ಮಗು ಹಂದಿ ನೋಡಿ ನಕ್ಕರೆ ಸಾಕಕ್ಕಾ, ಅಂದಳು. ನಗಲಿ ಅಂತಲೇ ಮಾಡಿದ್ದು ಕಣಪ್ಪ ಅವಳು. ಇವತ್ತು ಜನ ನಕ್ಕರೆ ಅವಳ ಕೆಲಸ ಕೆಟ್ಟಿತು ಅಂತಲಾ, ಆಯ್ತು ಅಂತಲಾ?"

ಅಣ್ಣ ಬಾಗಿ ಕಪ್ಪೆಯ ಚೌಕದ ಮೂಲೆ ಎತ್ತಿ ನೋಡಿದ. ಅದರ ಕಣ್ಣೊಂದಕ್ಕೇ ಐದಾರು ತುಂಡು ಬಟ್ಟೆ, ಕಾಳಿನಷ್ಟು ಕಾಳಿನಷ್ಟು. ಅಮ್ಮ ಅಂಗಡಿಯಿಂದ ಅಚ್ಚುಹಾಕಿದ ಬಟ್ಟೆ ತಂದು ಹೊಲಿಯುತ್ತಾಳೆಂದೇ ಅವನು ಇಷ್ಟು ದಿನ ತಿಳಿದಿದ್ದ.

"ಇದು ಹೊಲಿದದ್ದಾ?" ಎಂದ. "ಪೂರ್ತಿ?"

"ಪೂರ್ತಿ," ಎಂದಳು ಅವಳು.

ಅಣ್ಣ ಚಪ್ಪಲಿ ಬಿಟ್ಟು, ಕರಿ ಕೋಟಿನಲ್ಲೇ ನೆಲಕ್ಕೆ ಕೂತ. "ಹೇಗೆ ಕೀಳಬೇಕು, ಹೇಳು."

"ಹೊಲಿಗೆ ಮೇಲೆ ಒಂದು ಬೆರಳು ಒತ್ತಿಕೋ. ಆಮೇಲೆ ಎಳಿ. ಟಿಕೆಟ್ ಹರಿದ ಹಾಗೆ. ಜಗ್ಗಬೇಡ, ಎಳೆ ಬಿಟ್ಟುಹೋಗತ್ತೆ."

ಅವನ ದಪ್ಪ ಬೆರಳಿಗೆ ಮೊದಮೊದಲು ಚೂರು ಸಿಗಲಿಲ್ಲ. ಒಳಗೇನು ನಡೆಯುತ್ತಿದೆ ಎಂದು ಇಣುಕಿದ ನೆರೆಯ ಹೆಂಗಸೊಬ್ಬಳು ಕೇಳದೆಯೇ ಬಂದು ಕೂತಳು, ಅವಳ ಹಿಂದೆ ಇನ್ನೊಬ್ಬಳು. ಫೋನು ಹೊಡೆದುಕೊಂಡರೆ ಅಣ್ಣ, "ಕಾಯಲಿ. ಕೆಲಸ ನಡೀತಿದೆ," ಎಂದು ಇಟ್ಟುಬಿಟ್ಟ. ಕಾಗದವೆಲ್ಲ ಬಿಟ್ಟ ಮೇಲೆ ಕೌದಿ ಹಗುರಾಗಿ, ಮೆತ್ತಗಾಗಿ ಕೈಯಿಂದ ಜಾರತೊಡಗಿತು.

"ಒಳಬದಿಗೆ ಅಸ್ತರಿ ಇಲ್ಲವಲ್ಲ," ಎಂದು ಟೈಲರಕ್ಕ ಅತ್ತಿತ್ತ ನೋಡಿದಳು. ಅಣ್ಣ ಪೊಟ್ಟಣ ಒಡೆದು ತಾನು ತಂದ ಬಿಳಿ ಬಟ್ಟೆಯನ್ನು ಅವಳ ಕಡೆ ಚಾಚಿದ. ಅದು ಕೌದಿಯ ಒಳಮೈಯಾಯಿತು. ಟೈಲರಕ್ಕ ನಾಲ್ಕೂ ಅಂಚಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೊಟ್ಟಳು.

ಗಾಡಿಯ ಚಾಲಕ ಸ್ಟ್ರೆಚರ್ ತಂದಿದ್ದ. ಅಮ್ಮನನ್ನು ಮಲಗಿಸಿ, ಕೌದಿ ಹೊದಿಸಿದ ಮೇಲೆ ಅವನು ಅಗಲವಾದ ಕರಿ ಪಟ್ಟಿಯನ್ನು ಮೇಲಿನಿಂದ ಎಳೆದು ಬಿಗಿದ. ಪಟ್ಟಿ ಸರಿಯಾಗಿ ಬಾತುಕೋಳಿಗಳ ಮೇಲೆ ಬಿತ್ತು.

"ಹಾಗಲ್ಲ," ಎಂದ ಅಣ್ಣ.

"ಕಟ್ಟಲೇಬೇಕು ಸಾರ್, ಜಾರತ್ತೆ."

"ಕಟ್ಟೋಣ." ಅಣ್ಣ ಪಟ್ಟಿ ಬಿಚ್ಚಿ, ಕೌದಿಯನ್ನು ಮೇಲೆತ್ತಿ, ಅದರಡಿಯಲ್ಲಿ ಅಮ್ಮನ ಮೈಸುತ್ತ ಪಟ್ಟಿ ಹಾಯಿಸಿ ಕಟ್ಟಿದ. ಆಮೇಲೆ ಕೌದಿಯನ್ನು ಮತ್ತೆ ಹರಡಿ, ಎರಡೂ ಬದಿ ಇಳಿಬೀಳುವಂತೆ ಬಿಟ್ಟು, ಒಂದೊಂದು ಪ್ರಾಣಿಯನ್ನೂ ಅಂಗೈಯಿಂದ ನೇವರಿಸಿ ನೆಟ್ಟಗೆ ಮಾಡಿದ.

ಗಲ್ಲಿಯಲ್ಲಿ ಬಾಗಿಲುಗಳು ತೆರೆದುಕೊಂಡವು. ಯಾರೋ ಮಹಡಿಯಿಂದ ಬಾಗಿ, "ಅಲ್ಲಿ ನೋಡು, ಆನೆ!" ಎಂದರು. ಒಬ್ಬಳ ಮುಖದಲ್ಲಿ ನಗು ಬಂದು, ಬಾಯಿಗೆ ಕೈ ಹೋಗಿ, ಕೈ ಹಾಗೆಯೇ ಕೆಳಗಿಳಿಯಿತು. ನಗು ಅಲ್ಲೇ ಉಳಿಯಿತು.

"ಇನ್ನೂ ನಿಧಾನ," ಎಂದು ಅಣ್ಣ ಹೊತ್ತವರಿಗೆ ಹೇಳುತ್ತಿದ್ದ. "ಇನ್ನೂ ಸ್ವಲ್ಪ ನಿಧಾನ."

ಅವಳು ಅವನ ಹಿಂದೆಯೇ ನಡೆಯುತ್ತಿದ್ದಳು. ಅವನ ಕರಿ ಕೋಟಿನ ತೋಳಿಗೆ ಕಾಗದದ ಚೂರೊಂದು ಅಂಟಿಕೊಂಡಿತ್ತು, ಅಮ್ಮ ಪೆನ್ಸಿಲಿನಲ್ಲಿ ಬರೆದ ಏಳರ ಅಂಕಿ. ಪಕ್ಕದಲ್ಲಿದ್ದ ಮ್ಯಾನೇಜರ್ ಅದನ್ನು ಕೊಡವಲು ಕೈ ಚಾಚಿದರು. ಅಣ್ಣ ಮೆಲ್ಲಗೆ ತೋಳನ್ನು ಹಿಂದೆಳೆದುಕೊಂಡು, "ಇರಲಿ ಸಾರ್," ಎಂದು, ತಲೆಯೆತ್ತಿ ನಡೆದ.