ಎರಡನೇ ಸದ್ದು ಬರುವ ಮೊದಲು

೦

ಎಲ್ಲಿಂದ ಶುರು ಮಾಡಲಿ? ಟೈರಿನಿಂದಲೇ ಮಾಡೋಣವೆಂದರೆ ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಎಲ್ಲಿ ಕೈಯಿಟ್ಟರೂ ಅದೇ ಟೈರು. (ಈ ಮಾತು ಸ್ವಲ್ಪ ಜಾಣತನದ್ದಾಯಿತು. ಹೊಡೆದುಹಾಕಬೇಕಿತ್ತು. ಭಯವಾದಾಗ ನಾನು ಹೀಗೆ ಜಾಣನಾಗಿಬಿಡುತ್ತೇನೆ, ಸಹಿಸಿಕೊಳ್ಳಿ.)

ಮೊದಲ ಕರಡು ಅಪ್ಪನಿಂದ ಶುರುವಾಗಿತ್ತು. ನಾಲ್ಕು ಪುಟವಾದರೂ ಗಿರಾಕಿ ಬರಲಿಲ್ಲ, ಹರಿದೆ. ಎರಡನೆಯದು ಗಿರಾಕಿಯಿಂದ ಶುರುವಾಗಿತ್ತು. ಅವರೇ ತಕರಾರು ತೆಗೆದರು. ಇದು ಮೂರನೆಯದು. ಇದರಲ್ಲಿ ಅಕ್ಕ ಆಗಲೇ ಅಂಗಡಿಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಾಳೆ. ಎದುರಿಗೆ ಮೋಟರ್‌ಸೈಕಲಿನ ಹಿಂದಿನ ಚಕ್ರ ಮಲಗಿದೆ. ಅದಕ್ಕೆ ಕಾರಿನ ಟೈರು ತೊಡಿಸಿಯಾಗಿದೆ. ಗಾಳಿ ತುಂಬುವುದಷ್ಟೇ ಬಾಕಿ.

ಮೇಲೆ ಹಾಕಿರುವ ಸೊನ್ನೆ ಭಾಗದ ಸಂಖ್ಯೆಯಲ್ಲ. ಗಾಳಿಯ ಗೇಜಿನಲ್ಲಿ ಮುಳ್ಳು ನಿಂತಿರುವ ಜಾಗ. ನೀವು ಪುಟದಲ್ಲಿ ಕೆಳಗಿಳಿದಂತೆ ಅದು ಮೇಲೇರುತ್ತದೆ.

೧೨

ಅಂಗಡಿ ಅಪ್ಪನದಾಗಿತ್ತು, ಈಗ ಅಕ್ಕನದು. ನಾನು ಅಕ್ಕನ ತಮ್ಮ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಗೀಚುವವನು. ಪೈಪಿಗೆ ಗಾಳಿ ಬಿಡುವ ಹಿಡಿಕೆ, ಅದರ ಮೇಲಿನ ಗೇಜು, ಎರಡೂ ಬೆಂಚಿನಿಂದ ಕೈಗೆಟಕುವಷ್ಟು ದೂರದಲ್ಲಿವೆ. ಹಾಗಾಗಿ ಆ ಕೆಲಸ ನನ್ನದು. ಅಕ್ಕ "ಬಿಡು" ಅಂದರೆ ಬಿಡಬೇಕು, "ಸಾಕು" ಅಂದರೆ ನಿಲ್ಲಿಸಬೇಕು, ಮುಳ್ಳು ಎಲ್ಲಿದೆ ಎಂದು ಕೂಗಿ ಹೇಳಬೇಕು. ಅವಳಿಗೆ ಗೇಜು ಕಾಣುವುದಿಲ್ಲ. ಪೈಪಿನ ತುದಿಯ ಕ್ಲಿಪ್ಪು ಸಡಿಲವಾಗಿರುವುದರಿಂದ ಅದನ್ನು ಚಕ್ರಕ್ಕೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಗ್ಗಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡಿರುತ್ತಾಳೆ.

ಮೂಲೆಯಲ್ಲಿ ಕಬ್ಬಿಣದ ಪಂಜರವೊಂದಿದೆ. ಲಾರಿ ಚಕ್ರಗಳಿಗೆ ಅದರೊಳಗಿಟ್ಟೇ ಗಾಳಿ ತುಂಬುವುದು, ಸಿಡಿದರೆ ಅಲ್ಲೇ ಸಿಡಿಯಲಿ ಎಂದು.

"ಅಕ್ಕ, ಇದನ್ನೂ ಪಂಜರದಲ್ಲೇ ಇಡೋಣ."

"ಬೈಕಿನ ಚಕ್ರಾನಾ? ನೋಡಿದೋರು ನಗ್ತಾರೆ. ಬಿಡು, ಬಿಡು."

ಬಿಟ್ಟೆ.

೨೬

ಗಿರಾಕಿಯನ್ನು ಹಲ್ಲಿನವರು ಎನ್ನೋಣ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಿಂದ ಅವನ್ನು ಊರೂರಿನ ದಂತವೈದ್ಯರಿಗೆ ತಲುಪಿಸುವುದು ಅವರ ಕೆಲಸ. ದಿನಕ್ಕೆ ನಾನೂರು ಕಿಲೋಮೀಟರು, ಆನೆಯಂಥ ಮೋಟರ್‌ಸೈಕಲು. ಎಂಜಿನ್ ಶುರುವಾದರೆ ಹಿಂದಿನ ಡಬ್ಬಿಯೊಳಗೆ ನಲವತ್ತು ಬಾಯಿಗಳು ಒಟ್ಟಿಗೆ ಕಟಕಟ ಎನ್ನುತ್ತವೆ.

(ಎರಡನೇ ಕರಡಿನಲ್ಲಿ ಅವರು ತಕರಾರು ತೆಗೆದದ್ದು ಈ ಜಾಗದಲ್ಲೇ. "ಸ್ವಾಮಿ, ಆ ಡಬ್ಬೀಲಿ ಇರೋದು ಜನರ ನಗು. ನೀವು ಅದನ್ನ ದೆವ್ವದ ಪೆಟ್ಟಿಗೆ ಮಾಡಿಬಿಟ್ರಲ್ಲ!" ಎಂದರು. ಆಮೇಲೆ ದನಿ ತಗ್ಗಿಸಿ, "ಕೊನೇಲಿ ನನಗೇನಾಗುತ್ತೆ?" ಎಂದು ಕೇಳಿದರು. ನಾನು ಪೆನ್ನಿನ ಕ್ಯಾಪು ಹುಡುಕುವವನಂತೆ ನಟಿಸಿದೆ.)

ಕಾರಿನ ಟೈರು ಅವರೇ ಹೊತ್ತು ತಂದಿದ್ದರು.

"ಬೈಕಿನ ಟೈರು ನಡುವೇನೇ ಸವೆದು ಚಪ್ಪಟೆ ಆಗುತ್ತೆ ಅಕ್ಕಾವ್ರೇ. ಹೇಗೂ ಚಪ್ಪಟೆ ಆಗೋದೇ ಅಂದ್ಮೇಲೆ, ಹುಟ್ಟಾ ಚಪ್ಪಟೆ ಇರೋದನ್ನೇ ಹಾಕಿಸಿಬಿಡೋಣ ಅಂತ. ಮೂರು ಪಟ್ಟು ಓಡುತ್ತೆ."

"ತಿರುವಿನಲ್ಲಿ?" ಎಂದಳು ಅಕ್ಕ. "ತಿರುವಿನಲ್ಲಿ ಬೈಕು ವಾಲ್ಬೇಕು. ಕಾರು ವಾಲಲ್ಲ. ಇದಕ್ಕೆ ವಾಲೋದನ್ನ ಯಾರು ಕಲಿಸ್ತಾರೆ?"

"ನಾನು ಕಲಿಸ್ತೀನಿ."

"ಟೈರಿಗಾ?"

"ನನಗೆ. ನಿಧಾನ ಹೋಗ್ತೀನಿ."

ಅಕ್ಕ ಅವರನ್ನೂ ಟೈರನ್ನೂ ಒಂದೊಂದು ಸಲ ನೋಡಿದಳು. "ಸರಿ, ಕೂತ್ಕೊಳ್ಳುತ್ತಾ ನೋಡ್ತೀನಿ. ಕೂತ್ಕೊಂಡ್ರೆ ಆಮೇಲಿಂದು ನಿಮ್ಮ ಹಣೆಬರಹ. ಕೂತ್ಕೊಳ್ದೇ ಹೋದ್ರೆ ನಂದು."

ಹಲ್ಲಿನವರು ನಕ್ಕರು. ನಾನು ನಗಲಿಲ್ಲ. ಸಾಲನ್ನು ಬರೆದುಕೊಂಡೆ.

೩೬

ಢಬ್!

ಹೆದರಬೇಡಿ, ಇದು ಒಳ್ಳೆಯ ಸದ್ದು. ಟೈರಿಗೆ ಎರಡು ಅಂಚು. ಗಾಳಿ ತುಂಬಿದಂತೆ ಒಂದೊಂದೇ ಅಂಚು ಸಾಬೂನು ನೀರಿನ ಮೇಲೆ ಜಾರಿಕೊಂಡು ಹೋಗಿ ಚಕ್ರದ ತೋಡಿನಲ್ಲಿ ಕೂರುತ್ತದೆ. ಕೂತಾಗ ಹೀಗೆ ಢಬ್ ಎನ್ನುತ್ತದೆ. ಎರಡು ಸದ್ದು ಬಂದರೆ ಕೆಲಸ ಮುಗಿಯಿತು. ಆದರೆ ಕಾರಿನ ಟೈರಿನ ಅಂಚು ಕಾರಿನ ಚಕ್ರಕ್ಕೆಂದು ಮಾಡಿದ್ದು. ಬೈಕಿನ ಚಕ್ರದಲ್ಲಿ ಅದು ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟಂತೆ ತಡಕಾಡುತ್ತದೆ.

"ಒಂದು ಕೂತ್ಕೊಳ್ತು," ಎಂದಳು ಅಕ್ಕ. "ಇನ್ನೊಂದು."

ಇಲ್ಲಿ ಅಪ್ಪನನ್ನು ತರಲೇಬೇಕು. (ಮೊದಲ ಕರಡಿನಿಂದ ಉಳಿಸಿಕೊಂಡದ್ದು ಇಷ್ಟೇ.) ಅಪ್ಪ ಟೈರು ಬಿಚ್ಚುತ್ತ ದೇವರ ಷಟ್ಪದಿ ಹೇಳುತ್ತಿದ್ದ. ಮೂರು ಸಾಲಿಗೆ ಅರ್ಧ, ಆರು ಸಾಲಿಗೆ ಪೂರ್ತಿ. ಮೂರು ಮುಗಿದಾಗ ಉಸಿರೆಳೆದುಕೊಳ್ಳುತ್ತಿದ್ದ. ಆಗಲೇ ಗಿರಾಕಿ ಬಂದರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಮಿಕ್ಕ ಮೂರು ಸಾಲು ಕಿವಿಗೆ ಬೀಳುವವರೆಗೆ ನಾನು ಊಟಕ್ಕೆ ಏಳುತ್ತಿರಲಿಲ್ಲ. ದೇವರ ಮಾತನ್ನು ಅರ್ಧದಲ್ಲಿ ಬಿಡಬಾರದೆಂಬುದು ನನಗೆ ನಾನೇ ಹಾಕಿಕೊಂಡ ನೇಮ.

ಅಂಗಡಿಯ ಚಾವಣಿಯ ತಗಡಿನಲ್ಲಿ, ಅಕ್ಕನ ತಲೆಯ ನೇರಕ್ಕೆ, ತಟ್ಟೆಯಗಲದ ತೇಪೆಯೊಂದಿದೆ. ಅಪ್ಪನ ಕೈಕೆಳಗಿದ್ದ ಲಾರಿ ಚಕ್ರವೊಂದರ ಬಳೆ, ಟೈರನ್ನು ಹಿಡಿದಿಡುವ ಕಬ್ಬಿಣದ ಸುತ್ತು, ಸಿಡಿದು ಅಲ್ಲಿಂದ ಆಕಾಶಕ್ಕೆ ಹೋಯಿತು. ಅಪ್ಪ ಒಂದು ಹೆಜ್ಜೆ ಆಚೆಗಿದ್ದ. ಎಡಗಿವಿ ಮಾತ್ರ ಹೋಯಿತು. ಪಂಜರ ಬಂದದ್ದು ಅದಾದ ಮೇಲೆ. ಅಂದು ಅವನು ಮೂರನೇ ಸಾಲಿನಲ್ಲಿದ್ದ. ಆ ಪದ್ಯವನ್ನು ಮತ್ತೆ ಎತ್ತಲಿಲ್ಲ.

ಇವತ್ತು ಆ ಢಬ್ ಕೇಳಿದಾಗ ನನ್ನೊಳಗೆ ಮೂರು ಸಾಲು ಮುಗಿದವು. ಮಿಕ್ಕ ಮೂರಕ್ಕೆ ಎರಡನೇ ಢಬ್ ಬರಬೇಕು.

೪೪

"ಎಷ್ಟು?"

"ನಲವತ್ತನಾಲ್ಕು. ಅಕ್ಕ, ನಲವತ್ತು ದಾಟಬಾರದು ಅಂತ ಟೈರಿನ ಮೈಮೇಲೇ ಬರೆದಿದೆ."

"ಬರೆಯೋರಿಗೇನು, ಕೂತು ಬರೀತಾರೆ. ನಿನಗೆ ಗೊತ್ತಿಲ್ವಾ?" ಎಂದಳು. ಹಲ್ಲಿನವರು ಕಿಸಕ್ಕೆಂದರು. ಅಕ್ಕ ಮಾತ್ರ ನಗದೆ, ತಲೆಯೆತ್ತದೆ, ನಿಧಾನವಾಗಿ ಹೇಳಿದಳು: "ಐವತ್ತು. ಐವತ್ತು ಮುಟ್ಟಿದ ತಕ್ಷಣ ಕೂಗು. ನಾನು ಕೈಬಿಟ್ಟು ಹಾರ್ತೀನಿ, ಇವರು ತಮ್ಮ ಟೈರು ತಗೊಂಡು ಮನೆಗೆ ಹೋಗ್ತಾರೆ. ಅಪ್ಪನ ಹಾಗೆ ನಾನು ಹಟ ಮಾಡಲ್ಲ. ನಿನ್ನ ಕಣ್ಣನ್ನ ನಂಬಿ ಕೂತಿದೀನಿ, ಕೇಳಿಸ್ತಾ?"

ಕೇಳಿಸಿತು. ಕೇಳಿಸಿಕೊಳ್ಳುವುದೊಂದೇ ನನಗೆ ಬರುವ ವಿದ್ಯೆ.

೪೭

ಓದುಗರೇ, ಇಲ್ಲಿ ಒಂದು ಸಣ್ಣ ಮೋಸಕ್ಕೆ ಕೈಹಾಕಿದೆ. "ಕ್ಲಿಪ್ಪು ಗಟ್ಟಿಯಾಗಿ ಕಚ್ಚಿಕೊಂಡಿತು, ಅಕ್ಕ ಕೈಬಿಟ್ಟು ಗೋಡೆಯ ಹಿಂದೆ ಹೋಗಿ ನಿಂತಳು" ಎಂದು ಬರೆದೆ. ಬರೆಯುವವನಿಗೆ ಅಷ್ಟಾದರೂ ಅಧಿಕಾರ ಬೇಡವೇ?

ಕಥೆಯೊಳಗಿನ ಅಕ್ಕ ಎದ್ದು ಹೋಗಲಿಲ್ಲ. "ಆ ಕ್ಲಿಪ್ಪು ಆರು ತಿಂಗಳಿಂದ ನಿಲ್ತಿಲ್ಲ ಕಣೋ," ಎಂದಳು. "ಹೊಸದು ತಂದುಕೊಡು ಅಂತ ನಿನಗೇ ಹೇಳಿದ್ದೆ. ತಂದ್ಯಾ?"

"ಇಲ್ಲ."

"ಅಂಗಡೀಲಿ ತರದೇ ಇದ್ದೋನು ಪುಸ್ತಕದಲ್ಲಿ ತರ್ತೀಯಾ? ಅಳಿಸು ಅದನ್ನ."

ಅಳಿಸಿದೆ. ಅವಳ ಹೆಬ್ಬೆರಳು ಮತ್ತೆ ಅಲ್ಲೇ ಇದೆ. ಉಗುರು ಬೆಳ್ಳಗಾಗಿದೆ.

೫೨

"ಎಷ್ಟಾಯ್ತು?"

"ನಲವತ್ತೆಂಟು," ಎಂದೆ.

ಮೇಲಿನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ನೀವು ತಪ್ಪು ಓದಲಿಲ್ಲ. ಮುಳ್ಳೂ ತಪ್ಪು ತೋರಿಸಲಿಲ್ಲ.

ಯಾಕೆ ಎಂದು ಕೇಳುತ್ತೀರಿ. ಟೈರಿನ ಎರಡನೇ ಅಂಚು ಒಂದು ಬೆರಳಗಲ ಬಿಟ್ಟು ಉಳಿದಂತೆ ಕೂತುಬಿಟ್ಟಿತ್ತು. ರಬ್ಬರು ಸಣ್ಣಗೆ ಕಿರ್ ಎನ್ನುತ್ತಿತ್ತು, ಹಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವಂತೆ. ಇನ್ನೇನು, ಇನ್ನೊಂದು ಉಸಿರು, ಬಂದೇಬಿಡುತ್ತದೆ ಅನಿಸಿತು. ನಿಜ ಹೇಳಿದ್ದರೆ ಅಕ್ಕ ಹಾರಿ ನಿಲ್ಲುತ್ತಿದ್ದಳು, ತುಂಬಿದ ಗಾಳಿಯನ್ನು ಹೊರಗೆ ಬಿಟ್ಟುಬಿಡುತ್ತಿದ್ದಳು. ಮೂರು ಸಾಲು ಮೂರಾಗಿಯೇ ಉಳಿಯುತ್ತಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ. ದೇವರ ಮುಂದೆ ಕೈಮುಗಿದು ನಿಂತಾಗಲೂ ಈ ಮಾತನ್ನು ಇಷ್ಟು ಬಿಡಿಸಿ ಹೇಳಿಲ್ಲ. ನಿಮಗೆ ಹೇಳಿದ್ದೇನೆ.

"ಇನ್ನೂ ಎರಡು ಇದೆ ಹಾಗಾದ್ರೆ," ಎಂದಳು ಅಕ್ಕ, ನನ್ನ ಮೇಲಿನ ನಂಬಿಕೆಯಿಂದ. "ಸ್ವಲ್ಪ ಬಿಡು."

ಬಿಟ್ಟೆ.

೫೭

ಕೈ ಹಿಡಿಕೆಯ ಮೇಲಿದೆ. ಬೇಗ ಒಂದು ಕೊನೆ ಬೇಕು. ನನ್ನ ಬಳಿ ಮೂರಿವೆ.

ಅ) ಎರಡನೇ ಢಬ್ ಬರುತ್ತದೆ. ಎಲ್ಲರೂ ನಗುತ್ತಾರೆ. ಹಲ್ಲಿನವರು ಹೊರಡುತ್ತಾರೆ. ಒಂದು ಇಳಿಜಾರಿನ ತಿರುವಿನಲ್ಲಿ ಮೈ ವಾಲಿಸುತ್ತಾರೆ. ಚಪ್ಪಟೆ ಟೈರು ವಾಲಲೊಲ್ಲದೆ ನೆಟ್ಟಗೆ ನಿಲ್ಲುತ್ತದೆ, ನೆಟ್ಟಗೇ ಹೋಗುತ್ತದೆ. ರಸ್ತೆಯುದ್ದಕ್ಕೂ ನಲವತ್ತು ಬಾಯಿಗಳು, ತೆರೆದುಕೊಂಡು. ("ಬೇಡ ಸ್ವಾಮಿ," ಎಂದರು ಹಲ್ಲಿನವರು. ಈ ಸಲ ಅವರ ದನಿಯಲ್ಲಿ ತಕರಾರಿರಲಿಲ್ಲ.)

ಆ) ಈ ಕೊನೆಯ ಮೊದಲ ಪದವನ್ನಷ್ಟೇ ಬರೆದಿದ್ದೇನೆ. ಅದು "ಆಗ". ಮುಂದಿನ ಪದ ಬರೆಯಲು ಕೈ ಏಳಲಿಲ್ಲ.

ಇ) ತಮ್ಮ ತಕ್ಷಣ ನಿಜ ಹೇಳುತ್ತಾನೆ. ಅಕ್ಕ ಹಾರಿ ದೂರ ನಿಲ್ಲುತ್ತಾಳೆ. ಕಪಾಳಕ್ಕೆ ಬಾರಿಸುತ್ತಾಳೆ. ಇದನ್ನು ಹನ್ನೊಂದು ಸಲ ಬರೆದೆ. ಹನ್ನೊಂದು ಸಲವೂ ಕಥೆಯೊಳಗಿನ ಅಕ್ಕ ಓದಿ, "ಚೆನ್ನಾಗಿದೆ. ಆದ್ರೆ ಇದು ನೀನಲ್ಲ," ಎಂದು ವಾಪಸು ಕೊಟ್ಟಳು.

(ಹಾಗಾದರೆ ನಿಜವಾದ ಅಕ್ಕ ಎಲ್ಲಿ ಎಂದು ಕೇಳಬೇಕೆನಿಸುತ್ತಿದೆಯಲ್ಲವೇ? ದಯವಿಟ್ಟು ಕೇಳಬೇಡಿ.)

೬೧

ಹಿಡಿಕೆ ಮುಚ್ಚಿದ್ದೇನೆ. ಇನ್ನು ಗಾಳಿ ಒಳಗೆ ಹೋಗುವುದಿಲ್ಲ. ಹೋದದ್ದು ಹೊರಗೂ ಬರುವುದಿಲ್ಲ. ಕಂಪ್ರೆಸರು ತನ್ನಷ್ಟಕ್ಕೆ ನಿಂತುಹೋಯಿತು. ಅಂಗಡಿಯಲ್ಲಿ ಈಗ ಕೇಳಿಸುತ್ತಿರುವುದು ರಬ್ಬರಿನ ಕಿರ್ ಎನ್ನುವ ಸದ್ದು, ಅಷ್ಟೇ. ಹಲ್ಲಿನವರು ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟಿದ್ದಾರೆ, ಯಾರನ್ನೋ ಸುಮ್ಮನಿರಿಸುವಂತೆ.

ಈ ಸಂಖ್ಯೆ ನನಗೆ ಗೊತ್ತು, ನಿಮಗೂ ಗೊತ್ತು. ಅದರ ಮೇಲೆ ಬಗ್ಗಿ ಕೂತವಳಿಗೆ ಮಾತ್ರ ಗೊತ್ತಿಲ್ಲ.

"ಎಷ್ಟೋ?"

ನಾಲಿಗೆಯ ತುದಿಗೆ ನಲವತ್ತೊಂಬತ್ತು ಬಂದು ನಿಂತಿತ್ತು. ನುಂಗಿದೆ.

"ಅರವತ್ತೊಂದು, ಅಕ್ಕ. ಕೈ ತೆಗಿ."

ಅವಳು ಹಾರಲಿಲ್ಲ. ಹೆಬ್ಬೆರಳು ಅಲ್ಲೇ ಇತ್ತು. ಮುಖ ಮಾತ್ರ, ಇಷ್ಟು ಹೊತ್ತು ಗೋಡೆಯ ಕಡೆಗಿದ್ದದ್ದು, ನಿಧಾನವಾಗಿ ನನ್ನ ಕಡೆಗೆ ತಿರುಗಿತು. ತೇಪೆಯ ಅಂಚಿನಿಂದ ಇಳಿದ ಬಿಸಿಲಿನ ಎಳೆಯೊಂದು ಅವಳ ಎಡಗಿವಿಯ ಮೇಲೆ ಬಿದ್ದಿತ್ತು.

"ಐವತ್ತು ಯಾವಾಗ ದಾಟ್ತೋ?" ಎಂದು ಕೇಳಿದಳು. ಬೈದಂತಿರಲಿಲ್ಲ. ಗಂಟೆ ಎಷ್ಟಾಯಿತು ಎಂದು ಕೇಳಿದಂತಿತ್ತು.

ಇದಕ್ಕೆ ಉತ್ತರ ಹೇಳಬೇಕು. ಹೇಳಿದರೆ ಅವಳು ಏಳುತ್ತಾಳೆ, ಅಥವಾ ಏಳುವುದರೊಳಗೆ ಮತ್ತೇನಾದರೂ ಆಗುತ್ತದೆ. ಎರಡನ್ನೂ ನಾನು ಬರೆಯುವುದಿಲ್ಲ. ಪೆನ್ನು ಕೆಳಗಿಟ್ಟು, ಕೈಮುಗಿದು, ಕಿವಿಗೊಟ್ಟು ಕೂತಿದ್ದೇನೆ.

ಮೂರು ಸಾಲು ಆಗಿವೆ. ನನ್ನಪ್ಪ, ನನ್ನ ದೇವರೇ, ಮಿಕ್ಕ ಮೂರು ನನಗೆ ಬೇಡ.