ಗ್ರಿಗೋರೆಯ ಕನ್ನಡಿ

ಇಜಾ ನದಿಯ ಕಣಿವೆಯ ಒಂದು ಮನೆಯಂಗಳದಲ್ಲಿ ಸವೇತಾ ಪ್ಲಮ್ ಹಣ್ಣಿನ ಮುರಬ್ಬ ಕಲಕುತ್ತಿದ್ದಳು. ತಾಮ್ರದ ಕಡಾಯಿಯಿಂದ ಎದ್ದ ಸಿಹಿ ಹಬೆ ಕಿಟಕಿಯೊಳಗೆ ತೂರಿ, ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಮಗ ಗ್ರಿಗೋರೆಯ ಕೆನ್ನೆ ನೇವರಿಸಿ ಹೋಗುತ್ತಿತ್ತು. ಕಳೆದ ವಸಂತದಲ್ಲಿ ಚರ್ಚಿನ ಮರದ ಛಾವಣಿಯಿಂದ ಜಾರಿ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವನು ಮಾತಾಡಿರಲಿಲ್ಲ.

“ಹೇಗಿದ್ದಾನೆ ಪಾಪ?” ಬೇಲಿಯಾಚೆಯಿಂದ ಪಕ್ಕದ ಮನೆಯ ರಾಫಿಲಾ ಎಂದಿನಂತೆ ಕೇಳಿದಳು.

“ಹೇಗಿರ್ತಾನೆ? ಹಾಗೇ. ಎಂಥ ಚೆಲುವ ಇದ್ದ ಕಣೇ ನನ್ನ ಮಗ! ಮೀಸೆ ತಿರುವ್ತಾ ಕನ್ನಡಿ ಮುಂದೆ ನಿಂತ ಅಂದ್ರೆ ಊಟ ಆರಿ ತಣ್ಣಗಾಗ್ತಿತ್ತು.”

“ಅತ್ತೆ, ಕಿಟಕಿ ತೆರೆದಿದೆ,” ಒಳಗಿಂದ ಸೊಸೆ ಇಲಿಂಕಾ ಕೂಗಿದಳು.

“ಇರ್ಲಿ ಬಿಡು. ಕೇಳೋರು ಯಾರಿದ್ದಾರೆ?”

ಮಧ್ಯಾಹ್ನ ಪಟ್ಟಣದಿಂದ ನರ್ಸ್ ಕೊರಿನಾ ಬಂದಳು. ತಲೆಗೆ ಪೆಟ್ಟಾಗಿ ಅರಿವು ಮಂಕಾದವರನ್ನು ಮನೆಗೇ ಹೋಗಿ ಆಗಾಗ ಪರೀಕ್ಷಿಸುವುದು ಅವಳ ಕೆಲಸ. ಅರಿವಿನ ಒಂದೇ ಒಂದು ಖಚಿತ ಗುರುತು ಕಂಡರೂ ಗ್ರಿಗೋರೆಗೆ ಚಿಕಿತ್ಸಾ ಕೇಂದ್ರದಲ್ಲಿ ಜಾಗ ಸಿಗುತ್ತಿತ್ತು. ಕಳೆದ ಸಲ ಅವನಿಗೆ ಜ್ವರವಿದ್ದುದರಿಂದ ಪರೀಕ್ಷೆಯೇ ನಡೆದಿರಲಿಲ್ಲ.

“ನಮಸ್ಕಾರ ಗ್ರಿಗೋರೆ. ನಾನು ಕೊರಿನಾ, ಮತ್ತೆ ಕಾಟ ಕೊಡೋಕೆ ಬಂದೆ,” ಎಂದು ಅವಳು ಮೊದಲು ಅವನನ್ನೇ ಮಾತಾಡಿಸಿದಳು. ಕೆಂಪು ಚೆಂಡನ್ನು ಕಣ್ಣೆದುರು ಆಡಿಸಿದಳು. ಕಣ್ಣುಗಳು ಅಲುಗಲಿಲ್ಲ. ಆಗ ಚೀಲದಿಂದ ಒಂದು ಕನ್ನಡಿ ತೆಗೆದಳು.

“ಬೇರೆ ಯಾವುದಕ್ಕೂ ತಿರುಗದ ಕಣ್ಣು ಒಂದೊಂದ್ಸಲ ತನ್ನ ಮುಖ ಕಂಡ್ರೆ ತಿರುಗುತ್ತೆ.”

ಸವೇತಾ ಓಡಿಬಂದು ತನ್ನ ಏಪ್ರನ್ನಿನ ಚುಂಗನ್ನು ಕನ್ನಡಿಯ ಮೇಲೆ ಎಳೆದಳು. ಗೋಡೆಯ ಕನ್ನಡಿಗೂ ವಸಂತದಿಂದ ಕಪ್ಪು ಬಟ್ಟೆಯೇ ಇತ್ತು.

“ಬೇಡಮ್ಮಾ! ಸತ್ತ ಮನೇಲಿ ಕನ್ನಡಿ ತೆರೀಬಾರದು. ಜೀವ ಅದರೊಳಗೆ ಸಿಕ್ಕಿಬೀಳುತ್ತೆ.”

ಇಲಿಂಕಾ ಸಿಟ್ಟಾಗಲಿಲ್ಲ. ಮೆಲ್ಲಗೆ ಅತ್ತೆಯ ಭುಜ ಹಿಡಿದಳು. “ಯಾರು ಸತ್ತಿದ್ದಾರೆ, ಅತ್ತೆ?”

ಸವೇತಾ ಹಾಸಿಗೆಯತ್ತ ತಿರುಗಿದಳು. ಹಳೆಯದೊಂದು ನೆನಪಾಯಿತು. ಮಗ ಚಿಕ್ಕವನಿದ್ದಾಗ ಅವಳೇ ಹೇಳುತ್ತಿದ್ದ ಕಥೆಯೊಂದರಲ್ಲಿ ರಾಜಕುಮಾರ ಕಲ್ಲಾಗುತ್ತಿದ್ದ. ತಾಯಿ ಮಾತ್ರ ದಿನವೂ ಅವನನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳು.

ಅವಳು ಗೋಡೆಯ ಬಳಿ ಹೋಗಿ ಕಪ್ಪು ಬಟ್ಟೆ ಎಳೆದು ಬಿಸಾಡಿದಳು. ಮಗನ ಕನ್ನಡಿಯನ್ನು ಇಳಿಸಿ ತಂದು ಅವನ ಮುಖದೆದುರು ಹಿಡಿದಳು.

“ನೋಡೋ ಗ್ರಿಗೋರೆ. ಮೀಸೆ ಬೋಳಿಸಿದ್ದು ನಾನಲ್ಲ, ಆಸ್ಪತ್ರೆಯವರು. ನನ್ನ ಮೇಲೆ ಮುನಿಸ್ಕೋಬೇಡ.”

“ನಿಧಾನಕ್ಕೆ ಬಲಕ್ಕೆ ಸರಿಸಿ, ಅಮ್ಮಾ,” ಕೊರಿನಾ ಪಿಸುಗುಟ್ಟಿದಳು.

ಕನ್ನಡಿ ಸರಿಯಿತು. ದಡ ಬಿಡಲು ಮನಸ್ಸಿಲ್ಲದ ದೋಣಿಯ ಹಾಗೆ ಕಣ್ಣುಗಳು ತಡೆತಡೆದು ಅದರ ಹಿಂದೆಯೇ ಹೊರಟವು.

“ಒಂದ್ಸಲ ಆಕಸ್ಮಿಕ ಇರಬಹುದು. ಈಗ ಎಡಕ್ಕೆ.”

ಎಡಕ್ಕೂ ಬಂದವು. ಮತ್ತೆ ಬಲಕ್ಕೂ. ಅಂಗಳದಲ್ಲಿ ಮುರಬ್ಬ ಸೀಯುತ್ತಿತ್ತು, ಯಾರೂ ಎದ್ದು ಹೋಗಲಿಲ್ಲ.

“ಮಾತು ಬರುತ್ತೋ ಇಲ್ವೋ, ನಾನು ಹೇಳಲಾರೆ. ಆದ್ರೆ ಇವರು ಇದ್ದಾರೆ. ಕೇಂದ್ರದಲ್ಲಿ ಜಾಗ ಕೊಡಿಸ್ತೀನಿ,” ಎಂದಳು ಕೊರಿನಾ.

ಮರುದಿನ ರಾಫಿಲಾ ಚೀಸ್ ತುಂಬಿದ ರೊಟ್ಟಿ ಹಿಡಿದು ಬಂದಳು. “ಹೇಗಿದ್ದಾನೆ ಪಾಪ?”

ಸವೇತಾ ಬಾಗಿಲು ಪೂರ್ತಿ ತೆರೆದಳು.

“ನನ್ನನ್ಯಾಕೆ ಕೇಳ್ತೀಯ? ಒಳಗಿದ್ದಾನೆ, ಅವನನ್ನೇ ಕೇಳು. ಮೀಸೆ ವಿಷಯ ಮಾತ್ರ ಎತ್ತಬೇಡ.”